ಕಾಯಿ ಸುಲಿಯುವ ಹೆಂಗಸು

ಅರಮನೆಯ ಚಿತ್ರಶಾಲೆಯ ಫೋಟೊ ಪ್ರದರ್ಶನದಲ್ಲಿ ನೊಣವಿನಕೆರೆಯ ಸಿದ್ಧಗಂಗಮ್ಮ ತನ್ನದೇ ಫೋಟೊದ ಮುಂದೆ ನಿಂತು, ಅದರ ಕೆಳಗೆ ಅಂಟಿಸಿದ್ದ ಚೀಟಿಯನ್ನು ಎರಡೆರಡು ಸಲ ಓದಿದಳು: 'ಕಾಯಿ ಸುಲಿಯುವ ಹೆಂಗಸು.' ಅಷ್ಟೇ. ಪಕ್ಕದ ಹಳೆಯ ಫೋಟೊದಲ್ಲಿ ರಾಜರ ಕುದುರೆಗೂ ಹೆಸರಿತ್ತು.

ಅವಳು ಬ್ಯಾಗಿಗೆ ಕೈಹಾಕಿ, ಕೊಬ್ಬರಿ ಚೀಲಗಳ ಮೇಲೆ ಹೆಸರು ಬರೆಯುವ ದಪ್ಪ ಮಾರ್ಕರ್ ತೆಗೆದಳು.

"ಅಮ್ಮಾ, ಮುಟ್ಬೇಡಿ! ದಂಡ ಹಾಕ್ತಾರೆ!" ಕಾವಲುಗಾರ ಓಡಿಬಂದ.

"ಹಾಕ್ಲಿ ಬುಡಪ್ಪ. ಹೆಸರು ಬರೀದೆ ಒಂದು ಕೊಬ್ಬರಿ ಚೀಲಾನೂ ನಾನು ಗಾಡಿಗೆ ಹಾಕ್ಸಲ್ಲ. ಇದು ನನ್ ಮಖ ಕಣಪ್ಪ."

ಚೀಟಿ ಚಿಕ್ಕದು, ಅದರಲ್ಲಿ 'ಸಿದ್ಧ' ಎಂಬುದಷ್ಟೇ ಹಿಡಿಯಿತು. 'ಗಂಗಮ್ಮ' ಎಂಬುದನ್ನು ಅವಳು ಚೀಲದ ಮೇಲೆ ಬರೆಯುವಷ್ಟೇ ದೊಡ್ಡದಾಗಿ ಅರಮನೆಯ ಗೋಡೆಯ ಮೇಲೆ ಬರೆದಳು.