ಎಡಗೈಯ ಅಳತೆ

ಆ ಹೆಂಗಸು ಎಡಚಿ. ಅಷ್ಟಂತೂ ಮನೋರಮಾಗೆ ಈಗ ಖಾತ್ರಿಯಾಯಿತು.

ಮೇಜಿನ ಮೇಲಿದ್ದ ಹೊಸ ಗಾಲ್ಫ್ ಕ್ಲಬ್ಬನ್ನು ಮನೋರಮಾ ಎತ್ತಿ ಹಿಡಿದಿದ್ದಳು. ತುದಿಯಲ್ಲಿ ಚೆಂಡಿಗೆ ಹೊಡೆಯುವ ಮುಖ ತಿರುವುಮುರುವಾಗಿತ್ತು. ಗಾಲ್ಫ್ ಅವಳ ಗಂಡ ಧನರಾಜ್ ಬಹರೈನಿನಿಂದ ತಂದ ಹುಚ್ಚು. ವರ್ಷಗಟ್ಟಲೆ ಅವನ ಕ್ಲಬ್ಬುಗಳ ಧೂಳು ಒರೆಸಿದವಳಿಗೆ ಇಷ್ಟೂ ತಿಳಿಯದೇ?

"ಇದು ಎಡಗೈಯವರದ್ದು, ಅಲ್ವಾ?"

"ಹೌದು ಮೇಡಂ," ಎಂದ ವಲೇರಿಯನ್.

ದುಬೈಯಲ್ಲಿ ಕೆಲಸ ಕಲಿತು ಬಂದು, ಮಣಿಪಾಲದ ಬೇಕರಿಯೊಂದರ ಮಾಳಿಗೆಯಲ್ಲಿ ಕೂತು, ಆಡುವವರ ಅಳತೆ ತೆಗೆದು ಕ್ಲಬ್ಬು ಮಾಡಿಕೊಡುವ ಮನುಷ್ಯ ಅವನು. ಬೆಳಿಗ್ಗೆ ಫೋನು ಮಾಡಿ ಗುಟ್ಟು ಬಿಟ್ಟುಕೊಟ್ಟವನೂ ಅವನೇ. ಧನರಾಜ್ ಸ್ನಾನಕ್ಕೆ ಹೋಗಿದ್ದ. ಮನೋರಮಾ ಗಂಡನ ಫೋನೆತ್ತಿ ಹಲೋ ಅನ್ನುವ ಮೊದಲೇ ವಲೇರಿಯನ್ ಹೇಳಿ ಮುಗಿಸಿದ್ದ: "ಸರ್, ಎಡಗೈದು ರೆಡಿ ಉಂಟು. ಕೋಲು ಲೇಡೀಸ್ ಶಾಫ್ಟೇ ಹಾಕಿದ್ದೇನೆ. ಇವತ್ತು ಹೇಗೂ ಮಣಿಪಾಲಕ್ಕೆ ಬರ್ತೀರಲ್ಲ, ಇಲ್ಲಿಗೂ ಬನ್ನಿ. ಮನೆಯಲ್ಲಿ ಗೊತ್ತಾಗ್ಲಿಕ್ಕಿಲ್ಲ, ಹೆದರ್ಬೇಡಿ."

ಅವಳು ಉಸಿರೆತ್ತದೆ ಫೋನಿಟ್ಟಳು. ಕಾಪುವಿನ ಅಕ್ಕನ ಮನೆಗೆಂದು ಸುಳ್ಳು ಹೇಳಿ, ಗಂಡನಿಗಿಂತ ಮೊದಲು ಮಣಿಪಾಲದ ಬಸ್ಸು ಹತ್ತಿದಳು.

ಅನುಮಾನ ಇವತ್ತಿನದಲ್ಲ. ಕೆಲವು ತಿಂಗಳಿಂದ ಧನರಾಜನ ರೀತಿಯೇ ಬೇರೆಯಾಗಿತ್ತು. ಗುಂಡಿ ಹಾಕುವ ಇಸ್ತ್ರಿ ಅಂಗಿ ಬಿಟ್ಟು ಟೀ ಶರ್ಟು ಹಿಡಿದ. ಲೇಸಿನ ಬೂಟು ಮೂಲೆ ಸೇರಿತು, ಕಾಲು ತೂರಿಸಿದರೆ ಸಾಕೆನ್ನುವ ಶೋಕಿಯ ಶೂ ಬಂತು. ಬಲಗೈ ಜೇಬಿಗೆ ಇಳಿಸಿ ಸಿನಿಮಾ ಹೀರೋನ ಹಾಗೆ ನಿಲ್ಲುವುದು ಬೇರೆ. ಅರವತ್ತಕ್ಕೆ ಅರಳುಮರಳು ಅನ್ನುವುದು ಸುಳ್ಳಲ್ಲ. ಮೊದಲೆಲ್ಲ ಮೆಸೇಜು ಬರೆಯುತ್ತಿದ್ದವನು ಈಗ ಜಗಲಿಯ ಮೂಲೆಗೆ ಹೋಗಿ ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದ. ಗುರುವಾರ ಬಂತೆಂದರೆ ಮಣಿಪಾಲ. ಅದೂ ಸ್ವಂತ ಕಾರು ಮನೆಯಲ್ಲೇ ಬಿಟ್ಟು, ರಿಕ್ಷಾದಲ್ಲಿ. ಕಾರಿನ ಗುರುತು ಯಾರಾದರೂ ಹಿಡಿದರೆ ಕಷ್ಟ ತಾನೇ?

ಊಟದ ಸಂಗತಿಯಂತೂ ಅವಳಿಗೆ ಸಹಿಸಲಿಕ್ಕೇ ಆಗಿರಲಿಲ್ಲ. ಬಂಗುಡೆ ಗಸಿ ಎಂದರೆ ಪ್ರಾಣ ಬಿಡುತ್ತಿದ್ದವನು ಅವಳೆದುರು ಊಟಕ್ಕೆ ಕೂರುವುದನ್ನೇ ನಿಲ್ಲಿಸಿದ್ದ. "ನೀನು ಊಟ ಮಾಡು, ನಂಗೆ ಆಮೇಲೆ ಸಾಕು." ಅಂಬಲಪಾಡಿಯ ದೇವಸ್ಥಾನ ಮನೆಯಿಂದ ಕೂಗಳತೆಯಲ್ಲಿದ್ದರೂ ಜೊತೆಗೆ ಬರಲೊಲ್ಲ. ತೀರ್ಥಕ್ಕೆ ಕೈಯೊಡ್ಡಲು ಮುಖ ಬೇಕಲ್ಲ ಎಂದುಕೊಂಡಿದ್ದಳು ಮನೋರಮಾ.

ಈಗ ಅವಳಿಗೆ ತಿಳಿಯಬೇಕಾದದ್ದು ಒಂದೇ. ಇದು ನಾಲ್ಕು ದಿನದ ಚಪಲವೋ, ಅಥವಾ ಗಂಡ ಕೈತಪ್ಪಿಯೇ ಹೋದನೋ? ಅಳತೆಗೆಂದು ತಂದು ಗೋಡೆಗೆ ಒರಗಿಸಿದ್ದ ಧನರಾಜನ ಹಳೆಯ ಕ್ಲಬ್ಬನ್ನು ತೆಗೆದು ಹೊಸದರ ಪಕ್ಕ ಇಟ್ಟಳು.

"ಎರಡೂ ನೀವೇ ಮಾಡಿದ್ದಲ್ವಾ? ಇದರಲ್ಲಿ ಒಳ್ಳೆಯದು ಯಾವುದು?"

ಹೊಸದು ಸಾಧಾರಣದ್ದು ಎಂದುಬಿಟ್ಟರೆ ಸಾಕು, ಮನೆಗೆ ಹೋಗಿ ಜಗಳ ಮಾಡಿ ಮುಗಿಸಬಹುದು. ದೇವರೇ, ಸಾಧಾರಣದ್ದು ಎನ್ನಲಿ.

ವಲೇರಿಯನ್ ತಡವರಿಸಿದ. ಆದರೆ ತಾನು ಮಾಡಿದ ಕೆಲಸದ ಬಗ್ಗೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹೊಳಪು ನೋಡಿದ್ರೆ ಎರಡೂ ಒಂದೇ ಮೇಡಂ. ಸರ್‌ದು ಸ್ಟೀಲಿನ ಕೋಲು, ಬಲ ಉಂಟು ಅನ್ನುವವರಿಗೆ. ಇದು ಹಗುರ, ಬಳುಕ್ತದೆ. ಭಾರ ತಡೆಯದ ಕೈಗೆ ಮಾಡಿದ್ದು. ಕ್ಲಬ್ಬಿನ ತಲೆಯ ತೂಕ ಚೂರು ಚೂರೇ ಇಳಿಸಿ, ಬಿಚ್ಚಿ, ಪುನಃ ಕೂಡಿಸಿ ನೋಡಿದ್ದೇನೆ. ಇದಕ್ಕಿಂತ ಒಳ್ಳೆಯದು ಇದುವರೆಗೆ ನನ್ನ ಕೈಯಲ್ಲಿ ಆಗಿಲ್ಲ."

ಭಾರ ತಡೆಯದ ಕೈ! ಮನೋರಮಾ ತನ್ನ ಅಂಗೈ ನೋಡಿಕೊಂಡಳು. ಕಾಯಿ ತುರಿದು, ಮೀನು ಕೊಯ್ದು ಒರಟಾದ ಕೈ.

"ಹಿಡಿ ಯಾಕೆ ಇಷ್ಟು ದಪ್ಪ?"

"ಆ ಬೆರಳಿಗೆ ಹೀಗೇ ಆಗ್ಬೇಕು."

ಹಾಗಾದರೆ ಆ ಹೆಂಗಸಿನ ಬೆರಳು ದಪ್ಪವಿರಬೇಕು. ಅಂಥ ಹೊತ್ತಿನಲ್ಲೂ ಮನೋರಮಾಗೆ ಒಂದು ಚೂರು ಸಮಾಧಾನವಾಯಿತು. ಮರುಕ್ಷಣವೇ ದುಃಖ ಒತ್ತರಿಸಿ ಬಂತು.

"ಯಾರದು ಅಂತ ಹೇಳಿ ವಲೇರಿಯನ್. ನಾನು ಬೈಲಿಕ್ಕೆ ಬಂದದ್ದಲ್ಲ. ಬೇಕಾದ್ರೆ ಕಾಲು ಹಿಡಿತೇನೆ. ನಂಗೆ ನನ್ನ ಗಂಡ ಬೇಕು."

ವಲೇರಿಯನ್ ಕಣ್ಣು ತಪ್ಪಿಸಿದ. "ಸರ್‌ಗೆ ಮಾತು ಕೊಟ್ಟಿದ್ದೇನೆ ಮೇಡಂ. ನಾನು ಹೇಳುವ ಹಾಗಿಲ್ಲ. ನೀವೇ ನೋಡಿ."

ಕೆಳಗೆ ರಿಕ್ಷಾ ನಿಂತ ಸದ್ದು. ಮನೋರಮಾ ಒಳಕೋಣೆಯ ಪರದೆಯ ಹಿಂದೆ ಸರಿದಳು. ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಕೇಳಿಸಿತು. ಹಿಂದೆಯೇ ಇನ್ನೊಂದು ಹೆಜ್ಜೆ ಬಂದೀತೆಂದು ಕಿವಿಗೊಟ್ಟಳು. ಬರಲಿಲ್ಲ. ಕೆಳಗೆ ರಿಕ್ಷಾದಲ್ಲೇ ಕೂತಿರಬೇಕು ಮಹಾರಾಣಿ.

"ಸರ್, ಇನ್ನಾದ್ರೂ ಮೇಡಂಗೆ ಹೇಳಿಬಿಡಿ," ವಲೇರಿಯನ್ ತುಸು ಜೋರಾಗಿಯೇ ಹೇಳಿದ.

"ಹೇಗೆ ಹೇಳುದು ಮಾರಾಯ? ಅವಳಿಗೆ ಆಗಲೇ ಅನುಮಾನ ಉಂಟು. ಸಿಟ್ಟು ಮಾಡಿಕೊಂಡೇ ಇರ್ಲಿ. ಅಳುದನ್ನು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ." ಧನರಾಜ್ ಕುರ್ಚಿ ಎಳೆದು ಕೂತ ಸದ್ದು. "ಕ್ಲಬ್ ಕೊಡಿ, ನೋಡುವ."

ಇನ್ನೇನು ಕೇಳಲು ಉಳಿದಿತ್ತು? ಇಷ್ಟು ದಿನ ನುಂಗಿಕೊಂಡ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ಮನೋರಮಾ ಪರದೆಯನ್ನು ಸರ್ರನೆ ಎಳೆದಳು.

ಬೆನ್ನು ಹಾಕಿ ಕೂತಿದ್ದ ಧನರಾಜ್ ಆಸ್ಪತ್ರೆಯ ಫೈಲನ್ನು ಬದಿಗೆ ಸರಿಸಿ, ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದೆತ್ತಿ ಮೇಜಿನ ಮೇಲಿಟ್ಟುಕೊಂಡ. ವಲೇರಿಯನ್ ಆ ಜೀವವಿಲ್ಲದ ಬೆರಳುಗಳನ್ನು ಒಂದೊಂದಾಗಿ ಮಡಚಿ ಕ್ಲಬ್ಬಿನ ಹಿಡಿಯ ಸುತ್ತ ಕೂರಿಸತೊಡಗಿದ.