ಕರೆದು ಕದಿಯುವ ಆಟ

ಹರಿನಳ ಕೈ ಮಲತಾಯಿ ಸನ್‌ಯಂಗ್‌ಳ ಮುಂದೆ ಬೋರಲಾಗಿದ್ದ ಆಟದ ಎಲೆಗಳ ಮೇಲೆ ಬಂದು ನಿಂತಿತು. ಬೂಸಾನಿನ ಆ ಆಟದ ಕೆಫೆಯಲ್ಲಿ ಇಳಿಬಿಸಿಲು ಬಾರ್ಲಿ ಚಹಾದೊಳಗೆ ತೇಲುತ್ತಿತ್ತು.

"ಸುಮ್ನೆ ಕದಿಯೋ ಹಾಗಿಲ್ಲ ಕಣೇ," ಆಟ ಕಲಿಸುತ್ತಿದ್ದ ಸೋದರತ್ತೆ ಮಿಗ್ಯಂಗ್ ನಕ್ಕಳು. "ಯಾರದನ್ನ ಕದೀತೀಯೋ ಅವರನ್ನ ಮೊದ್ಲು ಬಾಯ್ತುಂಬ ಕರೀಬೇಕು. ಗೆಲ್ಲಿಸೋ ವಜ್ರದ ಎಲೆ ಅತ್ತಿಗೆ ಹತ್ರಾನೇ ಇರೋ ಹಾಗಿದೆ. ನಂದು ಕದ್ರೆ ಸೋಲ್ತೀಯ, ನೋಡು!"

ಸನ್‌ಯಂಗ್ ಮದುವೆಯಾಗಿ ಹರಿನಳ ಮನೆಗೆ ಬಂದು ವರ್ಷವಾಗಿತ್ತು. ಹರಿನ್ ಈವರೆಗೆ ಅವಳನ್ನು ಏನೆಂದೂ ಕರೆದಿರಲಿಲ್ಲ. "ಹೆಸರು ಹೇಳಿದ್ರೂ ಸಾಕು, ಪರವಾಗಿಲ್ಲ," ಎಂದಳು ಸನ್‌ಯಂಗ್ ಮೆಲ್ಲಗೆ.

ಹುಡುಗಿ ಕಿಟಕಿಯಾಚೆಯ ಸಮುದ್ರವನ್ನೇ ನೋಡುತ್ತ, ನಿದ್ದೆಗಣ್ಣಿನಲ್ಲಿ ಮಾತಾಡುವವಳಂತೆ, "ಅಮ್ಮಾ, ನಿಂದು ಕದೀತಿದೀನಿ," ಎಂದಳು.

ಸನ್‌ಯಂಗ್ ತನ್ನ ಎಲೆಗಳನ್ನೆಲ್ಲ ಅವಳತ್ತ ಸರಿಸಿಬಿಟ್ಟಳು.

"ಅಯ್ಯೋ ಅತ್ತಿಗೆ, ಕದಿಯೋಕೆ ಬಿಡಿ! ನೀವೇ ಕೊಟ್ಬಿಟ್ರೆ ಅದ್ಯಾವ ಕಳ್ಳತನ?"