ಹಿಮ್ಮಡಿಯ ಸಾಕ್ಷಿ

ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವಳು ಅವನ ಸೈಕಲ್ ಶೂ ಎತ್ತಿ ಮಗುಚಿ ನೋಡಿದಳು. ಹಿಮ್ಮಡಿ ಮತ್ತೆ ಸವೆದಿತ್ತು. ಎಂಟು ತಿಂಗಳಲ್ಲಿ ಮೂರು ಸಲ ಅಟ್ಟೆ ಬದಲಾಯಿಸಿಕೊಟ್ಟಿದ್ದಳು. ನಾಲ್ಕನೆಯದೂ ಬಾಯಿ ಬಿಡುವುದರಲ್ಲಿತ್ತು.

ಪೇಟೆಯ ಮೂಲೆಯಲ್ಲಿ ಶೂ ರಿಪೇರಿ ಅಂಗಡಿ ಅವಳು ಇಟ್ಟು ಹದಿನೆಂಟು ವರ್ಷವಾಗಿತ್ತು. ಯಾರು ಕುಂಟುತ್ತಾರೆ, ಯಾರು ದಿನವಿಡೀ ಕುರ್ಚಿ ಬಿಸಿ ಮಾಡುತ್ತಾರೆ ಎಂದು ಅಟ್ಟೆ ನೋಡಿಯೇ ಹೇಳುತ್ತಿದ್ದಳು. ಪೆಡಲ್ ತುಳಿಯುವವರ ಶೂ ಹೆಬ್ಬೆರಳಿನ ಬುಡದಲ್ಲಿ ಸವೆಯುತ್ತದೆ. ಹಿಮ್ಮಡಿ ಸವೆಸುವವರು ನಡೆಯುವವರು. ಅಂದರೆ, ಪ್ರತಿ ಭಾನುವಾರ ನಾಲ್ಕು ಗಂಟೆ ಕಾಡಿನಲ್ಲಿ ಸವಾರಿ ಮಾಡಿ ಬರುವ ಈ ಮಹಾಶಯ ಸೈಕಲನ್ನು ಯಾವುದೋ ಮರಕ್ಕೆ ಒರಗಿಸಿ ಇನ್ನೆಲ್ಲಿಗೋ ನಡೆದು ಹೋಗುತ್ತಿದ್ದ.

ಆ ಸೈಕಲ್ ಕೊಡಿಸಿದವಳು ತಾನೇ ಎಂಬುದು ಅವಳ ಹೊಟ್ಟೆ ಇನ್ನಷ್ಟು ಉರಿಸಿತು.

ಗಂಡ ನೀರು ಸರಬರಾಜು ಕಚೇರಿಯ ಗುಮಾಸ್ತ. ಆದರೆ ಬೀದಿಯವರಿಗೆಲ್ಲ ಅವನು ‘ಚಾಂಪಿಯನ್’. ಮದುವೆಗೆ ಮುಂಚಿನ ಮೊದಲ ಭೇಟಿಯಲ್ಲೇ, ಕಾಲೇಜಿನಲ್ಲಿದ್ದಾಗ ಜಿಲ್ಲೆಗೇ ಸೈಕಲ್ ರೇಸಿನಲ್ಲಿ ಮೊದಲು ಬಂದಿದ್ದೆ ಎಂದಿದ್ದ. ಸಾಕ್ಷಿಗೆ ಗಾಜಿನ ಬೀರುವಿನಲ್ಲಿ ಅಂಗೈಯಗಲದ ಬಹುಮಾನದ ಕಪ್. ಅದರ ಮೇಲೆ ಹೆಸರಿಲ್ಲ. ಆಗೆಲ್ಲ ಹೆಸರು ಕೆತ್ತುತ್ತಿರಲಿಲ್ಲವಂತೆ. ಇಪ್ಪತ್ತು ವರ್ಷ ಆ ಕಪ್ಪಿನ ಧೂಳು ಒರೆಸಿದವಳು, ಮದುವೆಯ ಇಪ್ಪತ್ತನೇ ವರ್ಷಕ್ಕೆ ದಪ್ಪ ಟೈರಿನ ಗ್ರ್ಯಾವೆಲ್ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದಳು. ಕಾಡಿನ ಜಲ್ಲಿದಾರಿಗೆಂದೇ ಮಾಡಿದ್ದು. ಅದನ್ನು ಕಂಡು ಚಾಂಪಿಯನ್ನನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಪಾಪ ಎಂದುಕೊಂಡಿದ್ದಳು.

ಅಂದಿನಿಂದ ಭಾನುವಾರ ಬಂತೆಂದರೆ ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ. ಯುದ್ಧಕ್ಕೆ ಹೊರಟ ಠೀವಿ. ಬೀದಿಯಲ್ಲಿ ಮಾತ್ರ ಸೈಕಲ್ ಹತ್ತುತ್ತಿರಲಿಲ್ಲ.

“ಈ ಟೈರು ಡಾಂಬರಿಗಲ್ಲ ಕಣೆ, ಜಲ್ಲಿಗೆ. ಇಲ್ಲಿ ಓಡಿಸಿದ್ರೆ ಹಾಳಾಗುತ್ತೆ.”

ಹಸು ಹೊಡೆದುಕೊಂಡು ಹೋಗುವವನ ಹಾಗೆ ಸೈಕಲನ್ನು ಪಕ್ಕದಲ್ಲಿ ನಡೆಸಿಕೊಂಡು ಬೀದಿಯ ಕೊನೆಯಲ್ಲೇ ಇದ್ದ ಕಾಡಿನ ಅಂಚಿನವರೆಗೆ ಹೋಗುತ್ತಿದ್ದ. ಉಡುಗೊರೆಯ ಮೇಲೆ ಎಷ್ಟು ಜೋಪಾನ ಎಂದು ಅವಳು ಕರಗಿದ್ದೂ ಉಂಟು. ಹತ್ತು ಗಂಟೆಗೆ ಬೆವರಲ್ಲಿ ತೊಯ್ದು ಬರುತ್ತಿದ್ದ. ಬಲಗಾಲಿನ ಮೀನಖಂಡದಲ್ಲಿ ಸದಾ ಒಂದು ನೀಲಿಗಟ್ಟಿದ ಗಾಯ. ಯಾವಳ ಒದೆಯೋ!

“ಭಾವ ಅಂಥೋರಲ್ಲ ಅಕ್ಕಾ,” ಎಂದಳು ತಂಗಿ ಫೋನಿನಲ್ಲಿ.

“ಅಂಥೋರು ಏನು ಬೋರ್ಡ್ ಹಾಕ್ಕೊಂಡು ತಿರುಗ್ತಾರಾ?”

ಆ ವಾರ ಅಂಗಡಿಯಲ್ಲಿ ಕೈ ಓಡಲಿಲ್ಲ. ನಿವೃತ್ತ ಪಿ.ಟಿ. ಟೀಚರ್ ಕ್ಯಾನ್ವಾಸ್ ಶೂ ತಂದುಕೊಟ್ಟರು. ಅರವತ್ತೈದರ ಹೆಂಗಸು, ಶೂವಿನ ಮುಂದುಗಡೆ ಪೂರ್ತಿ ಚಿಂದಿ.

“ಈ ವಯಸ್ಸಲ್ಲಿ ಯಾರ ಹಿಂದೆ ಓಡ್ತೀರಿ ಟೀಚರ್?” ಎಂದಳು, ನಗಲು ಪ್ರಯತ್ನಿಸುತ್ತ.

“ಒಬ್ಬ ಶಿಷ್ಯ ಸಿಕ್ಕಿದಾನಮ್ಮ. ಶುದ್ಧ ದಡ್ಡ. ಆದ್ರೆ ಹಠ ಬಿಡಲ್ಲ.”

ಟೀಚರ್ ಅವಳನ್ನೇ ಒಂದು ಗಳಿಗೆ ನೋಡಿ ಹೊರಟುಹೋದರು. ಅವಳಿಗೆ ಅನ್ಯರ ಶಿಷ್ಯರ ಚಿಂತೆ ಬೇಕಿರಲಿಲ್ಲ.

ಶನಿವಾರ ಸಂಜೆ ಮೇಜಿನ ಮೇಲಿದ್ದ ಗಂಡನ ಫೋನು ಬೆಳಗಿತು. ಹೆಸರಿಲ್ಲದ ನಂಬರು. ‘ನಾಳೆ ಬೇಗ ಬನ್ನಿ. ಯಾರೂ ಇರಲ್ಲ. ಈ ಸಲ ಹೆದರಬಾರದು.’

ಅವಳು ಸೂಟ್‌ಕೇಸ್ ಇಳಿಸಿ ಅವನ ಅಂಗಿ, ಪ್ಯಾಂಟು ತುರುಕಿದಳು. ಸ್ವೆಟರ್ ಮಡಚುವಾಗ ಅಳು ಬಂತು, ಬೈಯುತ್ತಲೇ ಅತ್ತಳು. ನಾಳೆ ಕಣ್ಣಾರೆ ಕಂಡರೆ ಸೂಟ್‌ಕೇಸ್ ಬಾಗಿಲ ಹೊರಗೆ, ಸಂಸಾರ ಅಲ್ಲಿಗೆ ಮುಗಿಯಿತು. ಆಮೇಲೆ, ಕಳಚಿಟ್ಟಿದ್ದ ಮೂರು ಜೊತೆ ಹಳೆಯ ಅಟ್ಟೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಮುಖಕ್ಕೆ ಎಸೆಯಲು ಏನಾದರೂ ಬೇಕಲ್ಲ.

ಬೆಳಿಗ್ಗೆ ದೂರದಿಂದ ಹಿಂಬಾಲಿಸಿದಳು. ಡಾಂಬರು ಮುಗಿಯಿತು, ಜಲ್ಲಿದಾರಿ ಶುರುವಾಯಿತು. ಚಾಂಪಿಯನ್ ಹತ್ತಲಿಲ್ಲ. ನಡೆದೇ ಹೋದ. ಅವಳ ಲೆಕ್ಕಾಚಾರ ಸರಿಯಾಗಿತ್ತು. ದೇವದಾರು ಮರಗಳ ನಡುವೆ ಹಕ್ಕಿಯ ಸದ್ದೂ ಇಲ್ಲ. ಗುಡ್ಡದ ತಿರುವಿನಲ್ಲಿ ಅವನು ಮರೆಯಾದ. ಅವಳು ಪೊದೆಯ ಹಿಂದೆ ನಿಂತಳು.

“ಬೇಡ ಬಿಡಿ. ನಂಗೆ ಇವತ್ತೂ ಕೈಕಾಲು ನಡುಗ್ತಿದೆ.” ಗಂಡನ ದನಿ.

“ಪ್ರತಿ ವಾರ ಇದೇ ರಾಗ.” ಹೆಂಗಸಿನ ಪಿಸುದನಿ. “ಅದಕ್ಕಿಂತ ಹೆಂಡ್ತಿಗೆ ನಿಜ ಹೇಳ್ಬಿಡಿ.”

“ಹೇಗೆ ಹೇಳ್ಲಿ? ಇಪ್ಪತ್ತು ವರ್ಷದಿಂದ ಮುಚ್ಚಿಟ್ಟಿದೀನಿ. ಗೊತ್ತಾದ್ರೆ ನನ್ನ ಮುಖ ನೋಡ್ತಾಳಾ?”

ಇಪ್ಪತ್ತು ವರ್ಷ! ಎಂಟು ತಿಂಗಳಲ್ಲ, ಮದುವೆಯ ದಿನದಿಂದಲೇ!

“ಹಾಗಾದ್ರೆ ಬನ್ನಿ. ಗಟ್ಟಿಯಾಗಿ ಹಿಡ್ಕೊಳ್ಳಿ.”

ಅವಳು ಚೀಲಕ್ಕೆ ಕೈ ಹಾಕಿ, ಅಟ್ಟೆಗಳನ್ನು ಹಿರಿದುಕೊಂಡು, ಪೊದೆ ಸೀಳಿ ದಾರಿಗೆ ನುಗ್ಗಿದಳು.

ಹೊಸ ಅಟ್ಟೆಯ ಕ್ಯಾನ್ವಾಸ್ ಶೂ ತೊಟ್ಟ ಪಿ.ಟಿ. ಟೀಚರ್ ಎರಡೂ ಕೈಯಲ್ಲಿ ಸೈಕಲ್ ಸೀಟು ಹಿಡಿದು ಏದುಸಿರು ಬಿಡುತ್ತ ಓಡುತ್ತಿದ್ದರು; ಸೀಟಿನ ಮೇಲೆ ಜಿಲ್ಲಾ ಚಾಂಪಿಯನ್, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕಾಡೆಲ್ಲ ಕೇಳುವ ಹಾಗೆ ಕೂಗುತ್ತಿದ್ದ: “ಬಿಡ್ಬೇಡಿ ಟೀಚರ್, ಬಿದ್ದುಹೋಗ್ತೀನಿ!”